ಕ್ವಾರ್ಟರ್‌ಬ್ಯಾಕ್ ಆಟ ನೋಡಲು ಕಾಲೇಜ್ ಫುಟ್‌ಬಾಲೋ, ಅರೀನಾವೋ?

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡುವವರು, ಚೆಂಡು ಎಸೆದು ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮೇಲೆ ಕಣ್ಣಿಟ್ಟರೆ ಆಟ ಬೇಗ ಅರ್ಥವಾಗುತ್ತದೆ. ಕಾಲೇಜ್ ಮೈದಾನ 100 ಗಜ, ತಂಡಕ್ಕೆ 11 ಜನ. ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡುವುದೂ ಉಂಟು. ಅರೀನಾ ಒಳಾಂಗಣದ ಆಟ: 50 ಗಜ, 8 ಜನ, ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್ ಇಲ್ಲ. ಜಾಗ ಇಕ್ಕಟ್ಟು ನೋಡಿ, ಚೆಂಡು ಕೈಗೆ ಬಂದ ತಕ್ಷಣ ಯಾರಿಗೆ ಎಸೆಯಬೇಕು ಅಂತ ತೀರ್ಮಾನಿಸಿಬಿಡಬೇಕು, ಓಡಿ ತಪ್ಪಿಸಿಕೊಳ್ಳುವುದು ಕಷ್ಟ.

ಎರಡನ್ನೂ ಆಡಿದವರಲ್ಲಿ ಕರ್ಟ್ ವಾರ್ನರ್ ನನಗೆ ತುಂಬಾ ಇಷ್ಟ. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಕೊನೆಯ ವರ್ಷದವರೆಗೂ ಬೆಂಚೇ ಗತಿ. 1994ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ ಕೈಬಿಟ್ಟಿತು, ಹೊಟ್ಟೆಪಾಡಿಗೆ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸಿದರು. ಆಮೇಲೆ 1995ರಿಂದ 1997ರವರೆಗೆ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರ ಅರೀನಾ ಆಡಿ, ತಂಡವನ್ನು ಎರಡು ಸಲ ಫೈನಲ್‌ಗೆ ಒಯ್ದರು. 2000ದ ಜನವರಿಯಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಪರ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ಅವರ ಪಾಸ್‌ಗಳಿಂದ ಬಂದದ್ದು 414 ಗಜ! ಆ ಚುರುಕು ಅರೀನಾದಲ್ಲೇ ಪಳಗಿದ್ದು ಅಂತ ನನ್ನ ನಂಬಿಕೆ.

ಪಾಸ್ ಮೇಲೆ ಪಾಸ್, ಎದುರಾಳಿಯ ಕೊನೆಗೆರೆ ದಾಟಿ ಅಂಕ ಗಳಿಸುವ ಜಾಸ್ತಿ ಟಚ್‌ಡೌನ್ ಬೇಕಾದರೆ ಅರೀನಾ ನೋಡಿ. ತುಂಬಿದ ಸ್ಟೇಡಿಯಂ, ಹಳೇ ಪೈಪೋಟಿ ಬೇಕಾದರೆ ಕಾಲೇಜ್. ಒಂದನ್ನೇ ಆರಿಸಿ ಅಂದರೆ ನಾನು ಕಾಲೇಜ್ ಅನ್ನುತ್ತೇನೆ, ಯಾಕೆಂದರೆ ಅರೀನಾ ಲೀಗ್‌ಗಳು ಮುಚ್ಚುತ್ತಾ ತೆರೆಯುತ್ತಾ ಇರುತ್ತವೆ, ಕಾಲೇಜ್ ಸೀಸನ್ ಮಾತ್ರ ಪ್ರತಿ ವರ್ಷ ಆಗಸ್ಟ್ ಕೊನೆಗೆ ಶುರುವಾಗುತ್ತದೆ.