54, 57, 61: ಮೂರು ಸ್ಟ್ರಾಟ್ ರೀಇಶ್ಯೂ, ಒಂದೇ ಆಂಪ್

ಫೆಂಡರ್ ಕಂಪನಿ ತನ್ನ 1954, 1957, 1961ರ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಹಳೆಯದರ ಹಾಗೇ ಮತ್ತೆ ಮಾಡಿದ ರೀಇಶ್ಯೂಗಳನ್ನು ನುಡಿಸಿ ನೋಡಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಲಿಮಿಟೆಡ್ ಎಡಿಷನ್ ಅಂತ ಬಂದದ್ದು 54 ಮಾತ್ರ. ದುಡ್ಡೂ ಅದಕ್ಕೇ ಜಾಸ್ತಿ. ಕ್ಲೀನ್ ಸೌಂಡಿನಲ್ಲಿ, ಅಂದರೆ ಆಂಪ್‌ನ ಒರಟು ಸೇರದ ದನಿಯಲ್ಲಿ, ಅದನ್ನು ಮೀರಿಸುವುದು ಕಷ್ಟ. ಆದರೂ ಒಂದನ್ನೇ ಇಟ್ಟುಕೋ ಅಂದರೆ ನಾನು 61 ಎತ್ತಿಕೊಳ್ಳುತ್ತೇನೆ.

ಸ್ವಲ್ಪ ಹಿನ್ನೆಲೆ. ಫೆಂಡರ್ ಸ್ಟ್ರಾಟೊಕಾಸ್ಟರ್ ಬಂದದ್ದು 1954ರಲ್ಲಿ, ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ. 1965ರಲ್ಲಿ ಲಿಯೊ ಫೆಂಡರ್ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಆಮೇಲಿನ ಗಿಟಾರ್‌ಗಳಿಗಿಂತ ಹಳೆಯವೇ ವಾಸಿ ಅನ್ನೋ ಮಾತು ಹಬ್ಬಿತು, ಹಳೆಯವುಗಳ ಬೆಲೆ ಏರುತ್ತಾ ಹೋಯಿತು. ಕೊನೆಗೆ 1982ರಲ್ಲಿ ಕಂಪನಿ ತನ್ನ ಹಳೇ ಮಾಡೆಲ್‌ಗಳನ್ನು ತಾನೇ ಮತ್ತೆ ಮಾಡೋಕೆ ಶುರು ಮಾಡಿತು. ಈಗಿನ ಅಮೆರಿಕನ್ ವಿಂಟೇಜ್ 2 ಸರಣಿ 2022ರದು. 57 ಮತ್ತು 61 ಅದರವೇ. 54 ಬಂದದ್ದು 2024ರಲ್ಲಿ, ಸ್ಟ್ರಾಟ್‌ಗೆ 70 ತುಂಬಿದ ನೆಪದಲ್ಲಿ. ಈ ನೆಪ ಹೊಸದೇನಲ್ಲ. 40 ತುಂಬಿದಾಗ, 1994ರಲ್ಲಿ, 1,954 ಗಿಟಾರ್ ಮಾಡಿದ್ದರು. 60 ತುಂಬಿದಾಗ, 2014ರಲ್ಲಿ, ಮತ್ತೆ ಅಷ್ಟೇ. ಹೀಗೆ ಆಗಾಗ ವಾಪಸ್ ಬರೋ ಲಿಮಿಟೆಡ್‌ಗೆ ಎಷ್ಟು ಜಾಸ್ತಿ ಕೊಡಬಹುದು ಅನ್ನೋದು ನಿಮ್ಮ ಜೇಬಿಗೆ ಬಿಟ್ಟದ್ದು.

54 ನಮ್ಮ ಬ್ಯಾಂಡಿನ ಗೆಳೆಯನದು, 57 ನನ್ನದು, 61 ಇನ್ನೊಬ್ಬರಿಂದ ಇಸಕೊಂಡದ್ದು. ಮೂರಕ್ಕೂ ಹೊಸ ತಂತಿ, ಒಂದೇ ಗೇಜ್ (ದಪ್ಪ). ಒಂದೇ ಡೀಲಕ್ಸ್ ರಿವರ್ಬ್ ಆಂಪ್, ನಡುವೆ ದನಿ ಬದಲಿಸುವ ಪೆಡಲ್ ಇಲ್ಲ.

54ರ ಬಾಡಿ ಆ್ಯಶ್ ಮರದ್ದು. ಇದರಲ್ಲಿ ಮಾತ್ರ 'ಸೀಮಿತ'ಕ್ಕೆ ಒಂದು ನಿಜವಾದ ಕಾರಣ ಇದೆ. ಅಮೆರಿಕದಲ್ಲಿ ಆ್ಯಶ್ ಮರಗಳನ್ನು ಒಂದು ಹಸಿರು ಕೊರಕ ಹುಳ ತಿಂದು ಮುಗಿಸುತ್ತಿದೆ. ಹಗುರವಾದ ಆ್ಯಶ್ ಸಿಗುತ್ತಿದ್ದ ಮಿಸಿಸಿಪಿ ತಗ್ಗಿನಲ್ಲಿ ಪ್ರವಾಹದ ಕಾಟ ಬೇರೆ. ಹೀಗಾಗಿ 2020ರಲ್ಲೇ ಫೆಂಡರ್ ತನ್ನ ಮಾಮೂಲಿ ಗಿಟಾರ್‌ಗಳಲ್ಲಿ ಆ್ಯಶ್ ಕೈಬಿಡುವುದಾಗಿ ಹೇಳಿತು. 57 ಮತ್ತು 61 ಆಲ್ಡರ್ ಮರದವು. ಅದು ಇತಿಹಾಸಕ್ಕೂ ಸರಿ. 1956ರ ನಡುವಿನಿಂದ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಕಡು ಬಣ್ಣದ) ಸ್ಟ್ರಾಟ್‌ಗಳು ಆಲ್ಡರ್‌ಗೇ ಹೊರಳಿದ್ದವು.

ಸೌಂಡ್ ಹೇಗೆ? ಪಿಕಪ್ ಅಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ. 54ರಲ್ಲಿ ನೆಕ್ (ಕೈ ಹಿಡಿಯುವ ಉದ್ದನೆಯ ಭಾಗ) ಕಡೆಯ ಪಿಕಪ್‌ನಲ್ಲಿ ಬರೀ ಬೆರಳಿನಿಂದ ನುಡಿಸಿದರೆ ಒಂದೊಂದು ಸ್ವರವೂ ಕಂಚಿನ ತಟ್ಟೆಗೆ ಉಗುರು ತಾಗಿಸಿದ ಹಾಗೆ ಬಿಡಿಬಿಡಿಯಾಗಿ ಕೇಳುತ್ತದೆ. ಅದೇ ಬ್ರಿಡ್ಜ್ (ತಂತಿಯ ಬುಡದ) ಕಡೆಯ ಪಿಕಪ್‌ಗೆ ಹೋದರೆ ಕಿವಿಗೆ ಚುಚ್ಚುತ್ತದೆ. 57 ಇನ್ನೂ ಸ್ವಲ್ಪ ಒರಟು, ಆಂಪ್ ಏರಿಸಿದಾಗ ಮುನ್ನುಗ್ಗುತ್ತದೆ. 61ರಲ್ಲಿ ಅಂಚು ಮೆತ್ತಗೆ, ನಡುವೆ ತುಂಬು.

ಒಂದು ಕಿರಿಕಿರಿ ಮೂರರಲ್ಲೂ ಇದೆ. ಪಿಕಪ್ ಮೇಲೆ ಕಾಣುವ ಆರು ಅಯಸ್ಕಾಂತದ ಗುಬುಟುಗಳು ಒಂದೇ ಎತ್ತರದಲ್ಲಿಲ್ಲ. ಮೂರನೇ ತಂತಿಯ ಕೆಳಗಿನದು ಎದ್ದು ನಿಂತಿದೆ. 50ರ ದಶಕದಲ್ಲಿ ಮೂರನೇ ತಂತಿಯೂ ಮೇಲೆ ಸಣ್ಣ ತಂತಿ ಸುತ್ತಿದ್ದೇ ಇರುತ್ತಿತ್ತು, ಅದರ ದನಿ ಕಡಿಮೆ, ಅದಕ್ಕೇ ಆ ಎತ್ತರ. ಈಗ ಎಲ್ಲರೂ ಹಾಕೋದು ಸುತ್ತಿಲ್ಲದ ತಂತಿ. ಹಾಗಾಗಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದಾಗ ಈ ಮೂರನೇ, ಅಂದರೆ ಜಿ ತಂತಿ ಉಳಿದವನ್ನು ದಾಟಿ ಕೂಗುತ್ತದೆ. ಪಿಕಪ್ಪನ್ನು ಸ್ವಲ್ಪ ಇಳಿಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಳೆಯದರ ಹಾಗೇ ಮಾಡಿ ಅಂತ ಕೇಳಿದವರು ನಾವೇ ಅಲ್ವಾ!

ನನಗೆ ನಿಜವಾದ ಸ್ಪರ್ಧೆ ನೆಕ್‌ನಲ್ಲಿ. 54ರದು ದುಂಡಗೆ, ಅಂಗೈ ತುಂಬುತ್ತದೆ. ಕಾರ್ಡ್ ಹಿಡಿಯೋಕೆ ಸುಖ. 57ರ ಬೆನ್ನು ವಿ ಆಕಾರ. ಹೆಬ್ಬೆರಳನ್ನು ಮೇಲಿಂದ ಸುತ್ತಿ ದಪ್ಪ ತಂತಿ ಒತ್ತುವವರಿಗೆ ಇದಕ್ಕಿಂತ ಚೆನ್ನಾದ್ದು ಸಿಗಲಿಕ್ಕಿಲ್ಲ. ನನ್ನ ಹೆಬ್ಬೆರಳು ನೆಕ್‌ನ ಹಿಂದೆ ಕೂರುವ ಜಾತಿಯದು. ಆ ಏಣು ಒತ್ತಿ ಒತ್ತಿ, ಕಛೇರಿ ಅರ್ಧ ಮುಗಿಯುವಷ್ಟರಲ್ಲಿ ನೋಯುತ್ತದೆ. 61 ತೆಳು, ಎಲ್ಲೂ ಏಣಿಲ್ಲ, ಮೇಲೆ ರೋಸ್‌ವುಡ್ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ). 1959ರ ನಡುವಿನಿಂದ 1962ರವರೆಗೆ ಈ ರೋಸ್‌ವುಡ್ ತುಂಡು ದಪ್ಪವಾಗಿ, ತಳ ಚಪ್ಪಟೆಯಾಗಿ ಇರುತ್ತಿತ್ತು. ರೀಇಶ್ಯೂನಲ್ಲೂ ಅದೇ ಇದೆ. ಮರ ಮಾತ್ರ ಅದೇ ಅಲ್ಲ. ಆಗಿನದು ಬ್ರೆಜಿಲಿಯನ್ ರೋಸ್‌ವುಡ್, 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಹೆಚ್ಚೂಕಡಿಮೆ ನಿಂತೇಹೋಗಿದೆ. ಇವತ್ತು ಗಿಟಾರ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಇಂಡಿಯನ್ ರೋಸ್‌ವುಡ್, ನಮ್ಮ ಪಶ್ಚಿಮ ಘಟ್ಟದ ಬೀಟೆ. ಅದರಲ್ಲಿ ನನಗೇನೂ ಕೊರತೆ ಕಾಣಲಿಲ್ಲ.

ಈಗ ಮೂರಕ್ಕೂ ಅನ್ವಯಿಸುವ ಎಚ್ಚರಿಕೆ. ಫ್ರೆಟ್‌ಬೋರ್ಡಿನ ಉಬ್ಬು 7.25 ಇಂಚಿನ ತ್ರಿಜ್ಯದ್ದು. ಈಗಿನ ಫೆಂಡರ್‌ಗಳಲ್ಲಿ ಸಾಮಾನ್ಯವಾಗಿ 9.5. ಓದೋಕೆ ಸಣ್ಣ ವ್ಯತ್ಯಾಸ, ಬೆರಳಿಗೆ ದೊಡ್ಡದು. ಹನ್ನೆರಡನೇ ಫ್ರೆಟ್ (ಅಡ್ಡ ಲೋಹದ ಪಟ್ಟಿ) ದಾಟಿ, ಮೊದಲ ತಂತಿಯನ್ನು ಒಂದೂವರೆ ಸ್ವರ ಎಳೆದು ನೋಡಿ. ತಂತಿ ಉಬ್ಬಿನ ನಡುವಿಗೆ ಬಂದು ಮುಂದಿನ ಫ್ರೆಟ್‌ಗೆ ತಾಗುತ್ತದೆ, ಸ್ವರ ಅಲ್ಲೇ ಸಾಯುತ್ತದೆ. ತಂತಿ ಎಳೆದು ಗಮಕ ತರಬೇಕು ಅನ್ನುವವರಿಗೆ ಇದು ತಲೆನೋವೇ. ತಂತಿಗಳನ್ನು ಎತ್ತರಿಸಿದರೆ ಸರಿಹೋಗುತ್ತದೆ, ಆಗ ಒತ್ತುವ ಬಲ ಜಾಸ್ತಿ ಬೇಕು. ನಾನು ಹೊಂದಿಸಿದಾಗ ಕಡಿಮೆ ಎತ್ತರದಲ್ಲೂ ಚೆನ್ನಾಗಿ ಎಳೆಯಲು ಬಂದದ್ದು 61ರಲ್ಲಿ. ಅದು ಆ ಒಂದು ಗಿಟಾರಿನ ಗುಣವೂ ಇರಬಹುದು.

ನೆಕ್ ಬಾಗಿದರೆ ಸರಿಮಾಡುವ ಒಳಗಿನ ಸರಳು, ಟ್ರಸ್ ರಾಡ್, ಅದನ್ನು ತಿರುಗಿಸುವ ಜಾಗ ನೆಕ್‌ನ ಬುಡದಲ್ಲಿದೆ. ಅಂದರೆ ಸ್ಕ್ರೂ ಸಡಿಲಿಸಿ ನೆಕ್ ಎತ್ತಬೇಕು. ಮಳೆಗಾಲಕ್ಕೊಂದು ಬೇಸಿಗೆಗೊಂದು ನೆಕ್ ಬಾಗುವ ಊರಿಗೆ ಗಿಟಾರ್ ತರುವವರು ಇದನ್ನು ಯೋಚಿಸಿ. ಬಣ್ಣದ ಮೇಲಿನದು ನೈಟ್ರೊ ಲ್ಯಾಕರ್ ಅನ್ನೋ ಮೆರುಗು. ಅಗ್ಗದ ರಬ್ಬರ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಅಂಟಿಕೊಂಡು ಕಲೆಯಾಗುತ್ತದೆ. ಪಿಕಪ್ ಆರಿಸುವ ಸ್ವಿಚ್ ಬಗ್ಗೆ ಮಾತ್ರ ಹಟ ಮಾಡಿಲ್ಲ. ಮೂಲದಲ್ಲಿ ಮೂರೇ ಸ್ಥಾನ ಇದ್ದದ್ದು, 57 ಮತ್ತು 61ರ ರೀಇಶ್ಯೂನಲ್ಲಿ ಐದು ಕೊಟ್ಟಿದ್ದಾರೆ. ಒಳ್ಳೇದಾಯ್ತು.

ಮನೆಯಲ್ಲಿ ಕೂತು ಕ್ಲೀನ್ ನುಡಿಸುವವರು, ಆ್ಯಶ್ ಬೇಕೇ ಬೇಕು ಅನ್ನುವವರು 54ಕ್ಕೆ ದುಡ್ಡು ಹಾಕಲಿ. ಮುಂದೆ ಬೆಲೆ ಏರುತ್ತೆ ಅಂತ ಸುಮ್ನೆ ಪೆಟ್ಟಿಗೆಯಲ್ಲಿಡೋಕೆ ಬೇಡ. ನಾನು 57 ಮಾರಿ 61 ತಗೊಳ್ಳೋದು ಅಂತಿದ್ದೇನೆ. ವಿ ನೆಕ್ ಹಿಡಿಸುವವರು ಯಾರಾದರೂ ಇದ್ದರೆ ಹೇಳಿ, ಸ್ಟ್ಯಾಂಡಿನ ಕಲೆಯೊಂದೂ ಇಲ್ಲ.