ಮೂರು ಮಳೆಗಾಲ ಕಂಡ ಕಪಾಟು: ಸಿಎನ್‌ಸಿ ಕೊರೆತ ಮಾಡಿಸಿಕೊಂಡ ಅನುಭವ

ಸ್ಕ್ರೂ, ಮೊಳೆ ಒಂದೂ ಇಲ್ಲದ ಆರಡಿ ಎತ್ತರದ ಪುಸ್ತಕದ ಕಪಾಟು ನಮ್ಮ ಮನೆಯಲ್ಲಿ ಮೂರು ಮಳೆಗಾಲ ಕಳೆದಿದೆ. ಪ್ಲೈವುಡ್ ಹಲಗೆಗಳನ್ನು ಸಿಎನ್‌ಸಿ ರೌಟರ್ (ಕಂಪ್ಯೂಟರಿಗೆ ಕೊಟ್ಟ ನಕ್ಷೆಯಂತೆ ಮರ ಕೊರೆಯುವ ಯಂತ್ರ) ಇರುವ ಅಂಗಡಿಯೊಂದರಲ್ಲಿ ಕೊರೆಸಿ ತಂದು ನಾನೇ ಜೋಡಿಸಿದ್ದು. ಎದುರುಬದುರು ಹಲಗೆಗಳಲ್ಲಿ ಗುಳಿ ತೋಡಿ, ನಡುವೆ ಮರದ ಬಿಡಿ ಪಟ್ಟಿಯನ್ನು ಅಂಟು ಹಚ್ಚಿ ತೂರಿಸುವ ‘ಲೂಸ್ ಟೆನನ್’ ಜೋಡಣೆ. ಇಂದಿಗೂ ಒಂದು ಸಂದೂ ಬಿಟ್ಟುಕೊಂಡಿಲ್ಲ.

ಯಂತ್ರವೇ ಎಲ್ಲ ಮಾಡಿಕೊಡುತ್ತದೆ ಎಂದುಕೊಂಡು ಮಾತ್ರ ಹೋಗಬೇಡಿ. ಇಂಥ ಯಂತ್ರಗಳು ಸಾಮಾನ್ಯವಾಗಿ ಮಲಗಿಸಿದ ಹಲಗೆಯನ್ನು ಮೇಲಿನಿಂದಷ್ಟೇ ಕೊರೆಯುತ್ತವೆ. ಪಕ್ಕದ ಹಲಗೆಗಳ ಗುಳಿಗಳು ಬೇಗನೆ ಮುಗಿದವು. ಅಡ್ಡ ಹಲಗೆಗಳ ತುದಿಗೆ ಬೇಕಾದ ಗುಳಿಗಳಿಗೆ ಹಲಗೆಯನ್ನು ನಿಲ್ಲಿಸಿ ಹಿಡಿಯಬೇಕು. “ಅದು ಇದರಲ್ಲಿ ಆಗುವುದಿಲ್ಲ ಸರ್” ಎಂದರು ಅಂಗಡಿಯವರು. ಕೊನೆಗೆ ಅದೇ ಯಂತ್ರದಲ್ಲಿ ಕೈ ರೌಟರ್‌ಗೆ ದಾರಿ ತೋರುವ ಒಂದು ಅಚ್ಚು ಕತ್ತರಿಸಿಕೊಂಡು, ನಮ್ಮ ಬೀದಿಯ ಆಚಾರರ ಕೈ ರೌಟರ್‌ನಲ್ಲಿ ತುದಿಗಳನ್ನು ಕೊರೆಸಿದೆ. ಗುಳಿಯ ಜಾಗಕ್ಕೆ ದಪ್ಪದ ನಡುವನ್ನು ನಂಬದೆ ಎಲ್ಲ ಹಲಗೆಗಳಿಗೂ ಮೇಲ್ಮೈಯಿಂದಲೇ ಅಳತೆ ಹಿಡಿಯಿರಿ ಎಂದು ಅವರು ಹೇಳದಿದ್ದರೆ ಕೆಲಸ ಕೆಡುತ್ತಿತ್ತು: 18 ಮಿ.ಮೀ. ಎಂದು ಕೊಂಡ ಪ್ಲೈವುಡ್ ಅಳೆದರೆ 17.4 ಇತ್ತು.

6 ಮಿ.ಮೀ. ಬಿಟ್ (ತಿರುಗುತ್ತ ಕೊರೆಯುವ ಅಲಗು) ಓಡಿದ ಗುಳಿಯ ತುದಿ ದುಂಡಗಿರುತ್ತದೆ, ಚೌಕ ಮೂಲೆ ಸಿಗುವುದಿಲ್ಲ. ಉಳಿ ಹಿಡಿದು ಮೂಲೆ ಬಿಡಿಸುವ ಬದಲು ತೇಗದ ಪಟ್ಟಿಗಳ ಅಂಚನ್ನೇ ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಇಳಿಯುವಷ್ಟು ಬಿಗಿ ಸಾಕು. ಸುತ್ತಿಗೆಯಲ್ಲಿ ಬಡಿಯಬೇಕಾಯಿತು ಎಂದರೆ ಅಂಟಿಗೆ ಜಾಗವಿಲ್ಲ ಎಂದೇ ಅರ್ಥ.

ಮೊದಲ ಸಲ ಪಕ್ಕದ ಹಲಗೆಗಳೆರಡೂ ಎಡಗಡೆಯವೇ ಆಗಿ ಬಂದವು. ಒಂದೇ ಕಾಲಿನ ಎರಡು ಚಪ್ಪಲಿಯಂತೆ! ಒಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಲು ಮರೆತದ್ದು ನಾನು, ಕೊಟ್ಟ ನಕ್ಷೆಯನ್ನು ಯಂತ್ರ ಚಾಚೂ ತಪ್ಪದೆ ಕೊರೆದಿತ್ತು. ಹಾಳಾದ ಹಲಗೆಯ ದುಡ್ಡು ನನ್ನದೇ.

ನಿಜವಾದ ಬೇಸರ ಬೇರೆ. ಅಡ್ಡ ಹಲಗೆಗಳನ್ನು ಮೂರಡಿ ಉದ್ದ ಇಟ್ಟೆ. ಎರಡನೆಯ ವರ್ಷ ನಿಘಂಟುಗಳ ಹಲಗೆ ನಡುವೆ 4 ಮಿ.ಮೀ. ಬಾಗಿತ್ತು. ತುದಿಯ ಜೋಡಣೆ ಎಷ್ಟೇ ಗಟ್ಟಿ ಇರಲಿ, ನಡುವಿನ ಬಾಗನ್ನು ಮುಖ್ಯವಾಗಿ ನಿರ್ಧರಿಸುವುದು ಹಲಗೆಯ ದಪ್ಪ ಮತ್ತು ಉದ್ದ. ಅದೇ ಭಾರಕ್ಕೆ ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟಾಗುತ್ತದೆ. ಈಗ ಮುಂಭಾಗದ ಅಂಚಿಗೆ ಒಂದೂವರೆ ಇಂಚು ಅಗಲದ ತೇಗದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದ್ದೇನೆ. ಅಲ್ಲಿಂದೀಚೆಗೆ ಬಾಗು ಹೆಚ್ಚಿಲ್ಲ, ಇದ್ದದ್ದು ಹೋಗಿಯೂ ಇಲ್ಲ.

ಐದಕ್ಕೆ ನಾಲ್ಕು ಅಂಕ. ಅಡುಗೆಮನೆಯ ಕಪಾಟಿಗೂ ಅದೇ ಅಂಗಡಿಗೆ ಹೋಗುತ್ತೇನೆ, ಎರಡಡಿಗೊಂದು ನಿಲುವು ಹಲಗೆ ಬರೆದುಕೊಂಡು.