‘ಕೋವಿಡ್ ನಿಯಮ, ಭೇಟಿ ಇಲ್ಲ’ ಎನ್ನುವ ಮಾನಸಿಕ ಆರೈಕೆ ಕೇಂದ್ರಗಳ ಬಗ್ಗೆ ಎಚ್ಚರ

ಬೆಂಗಳೂರಿನ ಹೊರವಲಯದಲ್ಲಿ ಮಾನಸಿಕ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಖಾಸಗಿ ಕೇಂದ್ರಗಳು ಅನೇಕ. ಒಳ್ಳೆಯವೂ ಇವೆ. ನನ್ನ ತಮ್ಮ 2021ರಲ್ಲಿ ಇದ್ದದ್ದು ಅಂಥದ್ದರಲ್ಲಿ ಅಲ್ಲ. ಆಗ ಸೋಂಕಿನ ಹೆಸರಿನಲ್ಲಿ ಬಂದ ‘ಭೇಟಿ ಇಲ್ಲ’ ಎಂಬ ನಿಯಮ ಕೆಲವು ಕಡೆ ಇನ್ನೂ ಜಾರಿಯಲ್ಲಿದೆ ಎಂದು ಪರಿಚಿತರೊಬ್ಬರು ಮೊನ್ನೆ ಹೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವೊಮ್ಮೆ ಅತಿ ಉತ್ಸಾಹಕ್ಕೆ, ಕೆಲವೊಮ್ಮೆ ಖಿನ್ನತೆಗೆ ಜಾರುವ ಕಾಯಿಲೆ. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದ, ಕೆಲಸಕ್ಕೂ ಹೋಗುತ್ತಿದ್ದ. ಎರಡನೇ ಅಲೆಯಲ್ಲಿ ಅಮ್ಮನಿಗೂ ನನಗೂ ಸೋಂಕು ತಗಲಿದಾಗ ಅವನ ನಿದ್ದೆ ಹಾರಿಹೋಯಿತು. ಆಮ್ಲಜನಕದ ಸಿಲಿಂಡರ್ ತಂದುಕೊಡುತ್ತೇನೆಂದು ರಾತ್ರಿಯೆಲ್ಲ ಫೋನಿನಲ್ಲಿ ಗುರುತಿಲ್ಲದವರಿಗೆ ಮಾತು ಕೊಡುತ್ತಿದ್ದ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ. ಹಾಸಿಗೆ ಎಂದರೆ ಕೋವಿಡ್ ಹಾಸಿಗೆ ಮಾತ್ರ ಎಂಬಂತಿದ್ದ ದಿನಗಳು. ಈ ಕೇಂದ್ರದವರು ತಾವೇ ವಾಹನ ಕಳುಹಿಸಿದರು. ಮುಂಗಡ ಕಟ್ಟಿಸಿಕೊಂಡರು, ಅದರ ಮೇಲೆ ‘ಸ್ಯಾನಿಟೈಸೇಷನ್ ಶುಲ್ಕ’ವನ್ನೂ ಪಡೆದರು. ಶುಲ್ಕ ಪಡೆಯಲು ಇದ್ದ ಆತುರ ಪರೀಕ್ಷಿಸಲು ಇರಲಿಲ್ಲ. ಅವನನ್ನು ಯಾವ ಮನೋವೈದ್ಯರೂ ನೋಡಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಾನೇ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಮನೆಯವರ ಕೋರಿಕೆಯ ಮೇಲೆ ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಹಾಗೆ ಸೇರಿಸಿದರೂ ಮೊದಲ ಮಿತಿ 30 ದಿನ. ನಮ್ಮಿಂದ ಸಹಿ ಹಾಕಿಸಿಕೊಂಡ ಅರ್ಜಿಯಲ್ಲಿ ಅವಧಿಯ ಜಾಗ ಖಾಲಿ ಇತ್ತು.

ಭೇಟಿ ಇಲ್ಲ, ಭಾನುವಾರ ಮಾತ್ರ ಫೋನು. ಅದೂ ಮೇಲ್ವಿಚಾರಕರ ಮೊಬೈಲಿನಲ್ಲಿ, ಸ್ಪೀಕರ್ ಹಾಕಿ, ಅವರ ಎದುರಿನಲ್ಲೇ. ಒಂದು ಭಾನುವಾರ ‘ಅಕ್ಕಾ, ಅಮ್ಮ ಹೇಗಿದ್ದಾಳೆ’ ಎಂದು ಕೇಳಲು ಅವನ ನಾಲಿಗೆ ಒದ್ದಾಡುತ್ತಿತ್ತು. ಕುಡಿದವರ ಮಾತಿನಂತೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಏನಾಗಿದೆ ಎಂದರೆ, ‘ಈಗಷ್ಟೇ ಎದ್ದಿದ್ದಾರೆ ಮೇಡಂ, ಮಾತ್ರೆಯ ಮಂಪರು’ ಎಂಬ ಉತ್ತರ. ಬಿಡದೆ ಕೇಳಿದ ಮೇಲೆ ಹೊರಬಂತು: ಜ್ವರ ಬಂದಿತ್ತು, ಭೇದಿಯೂ ಆಗಿತ್ತು, ಮೈಕೈ ನೋವಿಗೆ ಐಬುಪ್ರೊಫೆನ್ ಕೊಡುತ್ತಿದ್ದಾರೆ. ಲಿಥಿಯಂ? ‘ಅದನ್ನು ಸರಿಯಾಗಿ ಕೊಡುತ್ತಿದ್ದೇವೆ, ಒಂದು ಹೊತ್ತೂ ತಪ್ಪಿಸಿಲ್ಲ’ ಎಂದು ಹೆಮ್ಮೆಯಿಂದ ಹೇಳಿದರು.

ಈ ಒಂದು ವಿಷಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಲಿಥಿಯಂ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಸಣ್ಣದು. ರಕ್ತದಲ್ಲಿ ಅದು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ಅಪಾಯ. ಅದು ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಜ್ವರ, ಭೇದಿಯಿಂದ ದೇಹದ ನೀರು ಬತ್ತಿದಾಗ ಅದು ಒಳಗೇ ಉಳಿದುಕೊಳ್ಳುತ್ತದೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅದನ್ನು ಇನ್ನಷ್ಟು ಏರಿಸುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು ಇದರ ಲಕ್ಷಣಗಳು. ಹೊರಗಿನವರ ಕಣ್ಣಿಗೆ ಇವೆಲ್ಲ ‘ಮಂಪರು’. ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಎಂಬ ಔಷಧ ತೆಗೆದುಕೊಳ್ಳುವವರ ಮನೆಯವರೂ ಹುಷಾರಾಗಿರಬೇಕು: ಅದು ಬಿಳಿ ರಕ್ತಕಣಗಳನ್ನು ಇಳಿಸಬಹುದಾದ್ದರಿಂದ ಜ್ವರ ಬಂದರೆ ಅವುಗಳ ಎಣಿಕೆ ಆಗಲೇಬೇಕು. ಬೀಡಿ ಸಿಗರೇಟು ಸೇದುತ್ತಿದ್ದವರು ಬೀಗ ಹಾಕಿದ ವಾರ್ಡಿನಲ್ಲಿ ಥಟ್ಟನೆ ನಿಲ್ಲಿಸಿದರೆ ಆ ಔಷಧದ ಮಟ್ಟವೂ ರಕ್ತದಲ್ಲಿ ಏರುತ್ತದೆ.

ಅವನ ಹಳೆಯ ಮನೋವೈದ್ಯರಿಗೆ ವಿಡಿಯೊ ಕರೆ ಮಾಡಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದ್ದರಿಂದ ಅಷ್ಟಾದರೂ ಸಲೀಸಾಯಿತು. ಅವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ‘ಲಿಥಿಯಂ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ’ ಎಂದರು. ಗೇಟಿನಲ್ಲಿ ಮತ್ತೆ ಕೋವಿಡ್ ನಿಯಮ: ಹದಿನಾಲ್ಕು ದಿನ ಯಾರನ್ನೂ ಹೊರಗೆ ಬಿಡುವಂತಿಲ್ಲವಂತೆ. ಪೊಲೀಸರನ್ನು ಕರೆಸುತ್ತೇವೆ ಎಂದಾಗ ಆ ನಿಯಮ ಹತ್ತೇ ನಿಮಿಷದಲ್ಲಿ ಸಡಿಲವಾಯಿತು.

ಹೊರಬಂದವನ ತಲೆ ಬೋಳಿಸಿತ್ತು. ಮೈಮೇಲೆ ಇದ್ದದ್ದು ಬೇರೆ ಯಾರದೋ ಅಂಗಿ, ಕಾಲರಿನ ಒಳಗೆ ಮಸಿಯಲ್ಲಿ ಬರೆದ ಸಂಖ್ಯೆ. ನೀರಿನ ಲೋಟ ಹಿಡಿಯಲಾಗದೆ ಎದೆಯ ಮೇಲೆಲ್ಲ ಚೆಲ್ಲಿಕೊಂಡ. ರಕ್ತದಲ್ಲಿ ಲಿಥಿಯಂ 2 ದಾಟಿತ್ತು, ಕೋವಿಡ್ ಕೂಡ ಪಾಸಿಟಿವ್. ಡ್ರಿಪ್ ಹಾಕಿ ಉಳಿಸಿಕೊಂಡರು. ಕಡ್ಡಾಯವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ತೊಡಲು ಬಿಡಬೇಕು ಎಂದು ಅದೇ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ.

ಒಳಗೆ ಕಿಟಕಿ ಮುಚ್ಚಿದ ಒಂದೇ ಹಾಲ್, ಒಂದಕ್ಕೊಂದು ತಾಗುವಂತೆ ಹಾಸಿದ ಚಾಪೆಗಳು, ಕೆಮ್ಮುವವರ ಪಕ್ಕದಲ್ಲೇ ಮಲಗಬೇಕಿತ್ತು ಎಂದು ಅವನು ಆಮೇಲೆ ಹೇಳಿದ. ಸೋಂಕನ್ನು ತಡೆಯಲೆಂದು ಮನೆಯವರನ್ನು ಹೊರಗಿಟ್ಟವರು ಒಳಗೆ ಮಾಡಿದ ವ್ಯವಸ್ಥೆ ಇದು! ಮುಚ್ಚಿದ ಮನೋರೋಗ ವಾರ್ಡಿನಲ್ಲಿ ಏನಾಗುತ್ತದೆ ಎಂಬುದನ್ನು ಜಗತ್ತು ಅದಕ್ಕೂ ಒಂದು ವರ್ಷ ಮೊದಲೇ ಕಂಡಿತ್ತು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚೊಂಗ್‌ದೊ ಊರಿನ ಆಸ್ಪತ್ರೆಯ ಅಂಥ ವಾರ್ಡಿನಲ್ಲಿ ನೂರಕ್ಕೂ ಹೆಚ್ಚು ರೋಗಿಗಳಿಗೆ ಸೋಂಕು ತಗಲಿತು. ಆ ದೇಶದ ಮೊದಲ ಕೋವಿಡ್ ಸಾವು ಅಲ್ಲಿಯ ರೋಗಿಯದೇ.

ಈಗ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ನೋಡಿ ಎಂದು. ‘ಟ್ರಸ್ಟ್ ನೋಂದಣಿ ಇದೆ’ ಎಂದರೆ ಅದು ಬೇರೆ ಸಂಗತಿ, ಒಪ್ಪಬೇಡಿ. ಮನೋವೈದ್ಯರ ಹೆಸರು, ಅವರು ಬರುವ ದಿನ ಕೇಳಿ, ಸಾಧ್ಯವಾದರೆ ಅವರೊಂದಿಗೇ ಮಾತನಾಡಿ. ಫೋನ್ ಮಾಡುವ, ಸಂದರ್ಶಕರನ್ನು ಕಾಣುವ ಹಕ್ಕು ಕಾಯ್ದೆಯ 26ನೇ ಸೆಕ್ಷನ್‌ನಲ್ಲಿದೆ. ಸೋಂಕಿನ ಕಾಲದಲ್ಲಿ ಭೇಟಿಯ ರೀತಿ ಬದಲಾಗಬಹುದು, ವಿಡಿಯೊ ಕರೆಗೆ ಯಾವ ವೈರಸ್ಸೂ ಅಂಟುವುದಿಲ್ಲ. ಮಾತು ಕೇಳಿದರೆ ಸಾಲದು, ಮುಖ ನೋಡಬೇಕು, ಕೈ ಚಾಚಿ ತೋರಿಸಲು ಹೇಳಬೇಕು. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಈಗ 14416, ಟೆಲಿ ಮಾನಸ್ ಸಹಾಯವಾಣಿ ಇದೆ. ನಮಗೆ ಆಗ ಅದೂ ಇರಲಿಲ್ಲ, ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ.

ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕೂ ಇದೆ. ತಮ್ಮ ಚೇತರಿಸಿಕೊಂಡ ಮೇಲೆ ಅವನ ಸಹಿಯಲ್ಲೇ ಅರ್ಜಿ ಹಾಕಿದೆವು. ಬಂದದ್ದು ಎರಡು ಹಾಳೆ. ಅದರಲ್ಲಿ ಪ್ರತಿದಿನವೂ ಮೈಬಿಸಿ 98.6, ‘ರೋಗಿ ಆರಾಮ’. ನಾವು ಅವನನ್ನು ಕರೆದುಕೊಂಡು ಬಂದ ಮರುದಿನದ ಸಾಲಿನಲ್ಲೂ 98.6, ರೋಗಿ ಆರಾಮ. ಆ ಹಾಳೆಯ ಪ್ರತಿಯನ್ನೇ ಕೇಂದ್ರದ ವಿರುದ್ಧ ಕೊಟ್ಟ ದೂರಿನ ಜೊತೆ ಲಗತ್ತಿಸಿದ್ದೇವೆ.